ಗೃಹಸಾಲದ ದಾವೆ: ಬಾಕಿ ಮೊತ್ತಕ್ಕೆ ರುಜುವಾತು ಏನು?

ಗೃಹಸಾಲದ ವಸೂಲಿಗೆ ದಾವೆ ಹೂಡಿದ ಬ್ಯಾಂಕು ಎರಡು ಸಂಗತಿಗಳನ್ನು ರುಜುವಾತುಪಡಿಸಬೇಕು: ಸಾಲ ಕೊಟ್ಟದ್ದು ನಿಜ, ಬರಬೇಕಾದ ಬಾಕಿ ಇಷ್ಟು. ಮೊದಲನೆಯದಕ್ಕೆ ಸಾಲದ ಕರಾರು, ಹಣ ಬಿಡುಗಡೆಯ ದಾಖಲೆ, ಅಡಮಾನದ ಪತ್ರಗಳು ಇರುತ್ತವೆ. ಎರಡನೆಯದಕ್ಕೆ ಎಷ್ಟೋ ದಾವೆಗಳಲ್ಲಿ ಖಾತೆಯ ಕಂಪ್ಯೂಟರ್ ಪ್ರತಿ ಮತ್ತು ಶಾಖೆಯ ಅಧಿಕಾರಿಯ ಅಫಿಡವಿಟ್ ಬಿಟ್ಟರೆ ಬೇರೇನೂ ಹಾಜರಾಗುವುದಿಲ್ಲ. ಕಾನೂನು ಬಯಸುವ ಪುರಾವೆಗೆ ಈ ರೂಢಿ ಸಾಲದು.

ಉದಾಹರಣೆಗೆ, ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪದಲ್ಲಿ ಮನೆ ಕಟ್ಟಿದವರ ಮೇಲಿನ ಬ್ಯಾಂಕಿನ ದಾವೆ, ಬಾಕಿ 20 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ, ಶಿವಮೊಗ್ಗದ ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತದೆ. 20 ಲಕ್ಷ ಮುಟ್ಟಿದರೆ ಅದು ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತದೆ. ಸಹಕಾರ ಸಂಘದ ಸಾಲವಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಡಿ ವಿಚಾರಣೆ. ವೇದಿಕೆ ಯಾವುದಾದರೂ ಬಾಕಿಯ ಲೆಕ್ಕ ಒಪ್ಪಿಸುವ ಹೊಣೆ ಸಾಲ ಕೊಟ್ಟವರದೇ.

1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆಯ ಕಲಂ 4, ಲೆಡ್ಜರಿನ ದೃಢೀಕೃತ ನಕಲನ್ನು ಮೇಲ್ನೋಟದ ಸಾಕ್ಷ್ಯವಾಗಿ ಒಪ್ಪುತ್ತದೆ. ನಮೂದು ಬರೆದ ಪ್ರತಿ ಗುಮಾಸ್ತರನ್ನೂ ಸಾಕ್ಷಿಕಟ್ಟೆಗೆ ಕರೆಸಲಾಗದು. ಆದ್ದರಿಂದ ಈ ಸೌಲಭ್ಯ ನ್ಯಾಯವಾದುದೇ. ಆದರೆ ಕಂಪ್ಯೂಟರ್ ಪ್ರತಿಗೆ ಕಲಂ 2ಎ ಹೇಳುವ ದೃಢೀಕರಣಗಳಿರಬೇಕು: ಒಂದು ಶಾಖಾ ವ್ಯವಸ್ಥಾಪಕರದು ಅಥವಾ ಮುಖ್ಯ ಲೆಕ್ಕಿಗರದು, ಇನ್ನೊಂದು ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಹೊತ್ತವರದು. ಇನ್ನೊಂದು ಮಿತಿಯೂ ಉಂಟು. ಲೆಕ್ಕಪುಸ್ತಕದ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯ ಕಲಂ 34 ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 28 ಅದನ್ನೇ ಉಳಿಸಿಕೊಂಡಿದೆ. ಪ್ರತಿವಾದಿ ಒಪ್ಪದ ನಮೂದಿಗೆ ಬೇರೆ ಪುರಾವೆಯ ಬೆಂಬಲ ಬೇಕೆಂಬುದನ್ನು ಚಂದ್ರಧರ್ ಗೋಸ್ವಾಮಿ ವಿರುದ್ಧ ಗೌಹಾಟಿ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಗೃಹಸಾಲದಲ್ಲಿ ಈ ಬೆಂಬಲ ಏಕೆ ಬೇಕೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 20 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ ಅಸಲಿಗೆ ಜಮೆಯಾಗುವುದು 3,190ರ ಆಸುಪಾಸು. ಕಂತು ಅಷ್ಟೇ ಇದ್ದು ಬಡ್ಡಿ ಮಾತ್ರ ಶೇ 9.5 ಆದರೆ ಅಸಲಿಗೆ ಸೇರುವುದು 1,520ರಷ್ಟು. ಬಡ್ಡಿದರ ಯಾವ ದಿನ, ಕರಾರಿನ ಯಾವ ಷರತ್ತಿನಂತೆ ಬದಲಾಯಿತು ಎಂಬುದು ದಾಖಲೆಯಲ್ಲಿಲ್ಲದಿದ್ದರೆ ಕೊನೆಯ ಸಾಲಿನ ಮೊತ್ತವನ್ನು ತಾಳೆ ನೋಡುವ ದಾರಿಯೇ ಇರುವುದಿಲ್ಲ. ಶಾಖೆಗೆ ಇತ್ತೀಚೆಗೆ ಬಂದ ಅಧಿಕಾರಿ ಪಾಟೀಸವಾಲಿನಲ್ಲಿ ಇದನ್ನು ವಿವರಿಸಲಾರರು.

ದಂಡದ ಬಡ್ಡಿಯದು ಇನ್ನೊಂದು ತೊಡಕು. ಅದನ್ನು ಅಸಲಿಗೆ ಸೇರಿಸುವಂತಿಲ್ಲವೆಂದು ಸೆಂಟ್ರಲ್ ಬ್ಯಾಂಕ್ ವಿರುದ್ಧ ರವೀಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತು. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವುದನ್ನೇ ನಿಲ್ಲಿಸಿ, ಶುಲ್ಕವಾಗಿ ಮಾತ್ರ ವಿಧಿಸಬೇಕೆಂದಿತು. ಅಸಲು, ಬಡ್ಡಿ, ದಂಡ, ವಿಮೆ, ನೋಟಿಸು ಖರ್ಚು ಎಲ್ಲ ಒಂದೇ ಮೊತ್ತದಲ್ಲಿ ಬೆರೆತ ಲೆಕ್ಕದಲ್ಲಿ ಈ ನಿಯಮಗಳ ಪಾಲನೆ ಕಾಣುವುದಿಲ್ಲ.

ಸಾಲಗಾರರ ಕಡೆಯ ರೂಢಿಯಲ್ಲೂ ದೋಷವಿದೆ. ‘ಲೆಕ್ಕ ತಪ್ಪು’ ಎಂಬ ಒಂದು ಮಾತಿನ ನಿರಾಕರಣೆ ನಿಲ್ಲುವುದಿಲ್ಲ; ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8, ನಿಯಮ 5ರ ಪ್ರಕಾರ ನಿರ್ದಿಷ್ಟವಾಗಿ ಅಲ್ಲಗಳೆಯದ್ದು ಒಪ್ಪಿದಂತೆಯೇ. ಯಾವ ಕಂತು ಜಮೆಯಾಗಿಲ್ಲ, ಯಾವ ಖರ್ಚು ಸಲ್ಲದು ಎಂದು ರಸೀದಿ, ಪಾಸ್‌ಬುಕ್ ಸಮೇತ ಹೇಳಬೇಕು. ದಾವೆಯಿಲ್ಲದೆಯೇ ವಸೂಲಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಬಂದಾಗಲೂ ಹೀಗೆಯೇ ಬರೆಯಬೇಕು. ಆಕ್ಷೇಪಣೆ ತಿರಸ್ಕರಿಸಿದರೆ ಬ್ಯಾಂಕು 15 ದಿನದೊಳಗೆ ಕಾರಣ ತಿಳಿಸಲೇಬೇಕು.

ಹಣ ಬಿಡುಗಡೆಯಾದ ದಿನದಿಂದ ದಾವೆಯ ದಿನದವರೆಗಿನ ಪೂರ್ಣ ಖಾತೆ, ಬಡ್ಡಿ ಬದಲಾವಣೆಯ ಪಟ್ಟಿ, ದಂಡ ಮತ್ತು ಖರ್ಚಿನ ಪ್ರತ್ಯೇಕ ಲೆಕ್ಕ ಇವಿಷ್ಟೂ ಇಲ್ಲದೆ ಬಾಕಿ ರುಜುವಾತಾಯಿತು ಎನ್ನಲಾಗದು. ಪ್ರತಿವಾದಿ ಗೈರುಹಾಜರಾದ ದಾವೆಯಲ್ಲೂ ನ್ಯಾಯಾಲಯ ಇದನ್ನು ಕೇಳಿಯೇ ಡಿಕ್ರಿ ಕೊಡಬೇಕು. ಹರಾಜಿಗೆ ಬರುವುದು ಒಂದು ಕುಟುಂಬದ ವಾಸದ ಮನೆ.