ಡಬ್ಬಿಯೊಳಗಿನ ರೂಪಾಯಿ

ದೀಪಾವಳಿ ಹತ್ತಿರವಾಯಿತೆಂದರೆ ಮಾಟುಂಗದ ಕನ್ನಡ ಮನೆಗಳಲ್ಲಿ ಲಕ್ಷ್ಮೀಪೂಜೆಯ ಬೆಳ್ಳಿ ರೂಪಾಯಿಗಳು ಕಪಾಟಿನಿಂದ ಹೊರಬೀಳುತ್ತವೆ. ಬೆನ್ನಿಗೇ ನನ್ನ ಫೋನಿಗೆ ಅವುಗಳ ಫೋಟೋಗಳು. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಆ ಕಾಲದಲ್ಲಿ ಇಲ್ಲಿ ಬಂದು ನೆಲೆನಿಂತವರ ಕೈಯಲ್ಲಿ ಓಡಾಡಿದ್ದು ಇವೇ ನಾಣ್ಯಗಳು. 'ಇದಕ್ಕೆಷ್ಟು ಬಂದೀತು?' ಅನ್ನುವುದು ಹಳೆಯ ಪ್ರಶ್ನೆ. ಈಚೆಗೆ ಕೇಳುವುದೇ ಬೇರೆ: 'ಒಬ್ಬರು 1939ರ ರೂಪಾಯಿ ಕೊಡ್ತೀನಿ ಅಂತಿದಾರೆ, ಸ್ಲ್ಯಾಬ್ ಆಗಿದೆ, ಧೈರ್ಯವಾಗಿ ತಗೋಬಹುದಲ್ಲ?'

ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಚೀಟಿ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಕೊಡುವುದಕ್ಕೆ ಸ್ಲ್ಯಾಬ್ ಮಾಡುವುದು ಎನ್ನುತ್ತಾರೆ. ಅಮೆರಿಕದ ಪಿಸಿಜಿಎಸ್ 1986ರಲ್ಲಿ ಈ ಕೆಲಸ ಶುರುಮಾಡಿತು, ಮರುವರ್ಷ ಎನ್‌ಜಿಸಿ ಬಂತು. ಎರಡರ ಹೆಸರೂ ಇಂದು ಮುಂಬಯಿಯ ನಾಣ್ಯ ವ್ಯಾಪಾರಿಗಳ ಬಾಯಲ್ಲಿ ಸಲೀಸು. ಒಳ್ಳೆಯ ಕೆಲಸವೇ, ಬೇಡವೆನ್ನುವುದಿಲ್ಲ. ಆದರೆ ಡಬ್ಬಿ ಮುಚ್ಚಿದ ಕೂಡಲೇ ನಿಮ್ಮ ಕೈಯಲ್ಲಿದ್ದ ಮೂರು ಪರೀಕ್ಷೆಗಳು ಹೋಗುತ್ತವೆ: ತೂಕ, ದನಿ, ಹೆಚ್ಚುಕಡಿಮೆ ಅಂಚೂ. ಉಳಿಯುವುದು ಕಣ್ಣೊಂದೇ.

1939ರ ರೂಪಾಯಿಯನ್ನೇ ನೋಡಿ. ಆರನೇ ಜಾರ್ಜ್ ದೊರೆಯ ಮುಖ, ನಮ್ಮ ಕೋಟೆ ಪ್ರದೇಶದ ಟಂಕಸಾಲೆಯದೇ ಮಾಲು, ನೂರಕ್ಕೆ 91.7 ಪಾಲು ಬೆಳ್ಳಿ. ಯುದ್ಧ ಶುರುವಾಗಿ ಜನ ಬೆಳ್ಳಿ ಬಚ್ಚಿಡತೊಡಗಿದರು. 1940ರಿಂದ ಸರಕಾರ ಬೆಳ್ಳಿಯನ್ನು ಅರ್ಧಕ್ಕಿಳಿಸಿತು, ಕಳ್ಳನಾಣ್ಯ ತಡೆಯಲು ಅಂಚಿನ ಗೆರೆಗಳ ನಡುವೆ ಒಂದು ತೋಡು ಕೊರೆಯಿತು, ಹಳೆಯವನ್ನು ವಾಪಸು ಪಡೆದು ಕರಗಿಸಿತು. ಹಾಗಾಗಿ 1938ರದ್ದು ಸುಲಭವಾಗಿ ಸಿಗುತ್ತದೆ, 1939ರದ್ದು ಲಕ್ಷದ ಮಾತು. ಎರಡರ ನಡುವೆ ಒಂದೇ ಅಂಕಿಯ ಅಂತರವಿರುವಾಗ ನಕಲಿಗಾರ ಸುಮ್ಮನಿರುತ್ತಾನೆಯೇ? 8ರ ಕೆಳಗಿನ ಹೊಟ್ಟೆಯ ಎಡಬದಿ ಕೆರೆದರೆ 9 ಆಯಿತು.

ಹತ್ತುಪಟ್ಟು ಹಿಗ್ಗಿಸುವ ಮಸೂರ ಹಿಡಿದು ನೋಡಿ. ಅಚ್ಚಿನೇಟಿಗೆ ಎದ್ದ ಅಂಕಿ ನೆಲದಿಂದ ನುಣ್ಣಗೆ ಮೇಲೇಳುತ್ತದೆ, ಅದರ ಬುಡದ ಹೊಳಪೂ ಸುತ್ತಲಿನ ಹೊಳಪೂ ಒಂದೇ. ಕೆರೆದ 9ರ ಎಡಗಡೆ ನೆಲ ಸ್ವಲ್ಪ ತಗ್ಗಿರುತ್ತದೆ, ಒಂದೇ ದಿಕ್ಕಿನ ಸಣ್ಣ ಗೀರುಗಳಿರುತ್ತವೆ, ಬಾಲ ಇದ್ದಕ್ಕಿದ್ದಂತೆ ಮುಗಿದಿರುತ್ತದೆ. ಎರಕ ಹೊಯ್ದದ್ದಾದರೆ ಅಕ್ಷರಗಳ ಮೂಲೆ ಮೊಂಡಾಗಿ, ನೆಲದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಅಂಚಿನಲ್ಲಿ ಬೆಸುಗೆಯ ಗೆರೆ ಇದ್ದರೂ ಇರಬಹುದು.

ಬಿಡಿ ನಾಣ್ಯವಾದರೆ ಇನ್ನೊಂದು ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಸವೆಯದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಗ್ರಾಮಿನ ನೂರನೇ ಪಾಲು ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನೊಳಗೆ ಇಳಿಬಿಡಿ. ಒಳ್ಳೆಯ ಬೆಳ್ಳಿಯಾದರೆ ತಕ್ಕಡಿ 1.13ರ ಆಸುಪಾಸು ತೋರಿಸುತ್ತದೆ, ಅರ್ಧ ಬೆಳ್ಳಿಯಾದರೆ 1.22ರ ಆಸುಪಾಸು. ಆಭರಣದಂಗಡಿಯ ಎಕ್ಸ್‌ರೇ ಯಂತ್ರ ಓದುವುದು ಮೇಲ್ಮೈಯನ್ನು ಮಾತ್ರ. ನೀರು ಇಡೀ ನಾಣ್ಯವನ್ನು ಓದುತ್ತದೆ. ಕೆರೆದ 1938ರದ್ದು ಮಾತ್ರ ಈ ಪರೀಕ್ಷೆಯಲ್ಲಿ ಗೆದ್ದುಬಿಡುತ್ತದೆ, ಅದರ ಬೆಳ್ಳಿ ಅಸಲಿಯೇ ತಾನೆ. ಅದಕ್ಕೆ ಮಸೂರವೇ ಗತಿ.

1911ರ 'ಹಂದಿ ರೂಪಾಯಿ'ಯಲ್ಲಿ ಕೆಲಸ ಇನ್ನೂ ಹಗುರ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, 1912ರಲ್ಲಿ ಆನೆಯನ್ನು ತಿದ್ದಿದರು. 12ನ್ನು 11 ಮಾಡಿದವನು ಆನೆಯನ್ನು ಮರೆತಿರುತ್ತಾನೆ. ಇಸವಿ 1911, ಸೊಂಡಿಲು ಮಾತ್ರ ಸೊಗಸಾಗಿದೆ ಎಂದರೆ ವಾಪಸು ಕೊಟ್ಟುಬಿಡಿ.

ಇನ್ನು ಡಬ್ಬಿಯ ವಿಚಾರ. ಚೀಟಿಯ ಮೇಲಿನ ನಂಬರನ್ನು ಕಂಪನಿಯ ದಾಖಲೆಯಲ್ಲಿ ಹುಡುಕಿದರೆ ವಿವರ ಸಿಗುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ, ಮೋಸ ಹೋಗುವುದೂ ಅಲ್ಲೇ. ನಕಲಿ ಡಬ್ಬಿ ಮಾಡುವವನು ನಂಬರನ್ನು ಕಲ್ಪಿಸಿಕೊಳ್ಳುವುದಿಲ್ಲ, ಅಸಲಿ ಡಬ್ಬಿಯದನ್ನೇ ಎತ್ತಿಕೊಳ್ಳುತ್ತಾನೆ. ದಾಖಲೆಯಲ್ಲಿ ಫೋಟೋ ಇದ್ದರೆ ಅದನ್ನು ಹಿಗ್ಗಿಸಿ, ದೊರೆಯ ಕೆನ್ನೆಯ ಗೀರು, ಅಂಚಿನ ಕಪ್ಪು, ಹಾರದ ಎಲೆಯ ಮೇಲಿನ ಚುಕ್ಕೆ ಒಂದೊಂದಾಗಿ ತಾಳೆ ನೋಡಿ. ನಾಣ್ಯದ ಗಾಯಗಳು ಮನುಷ್ಯನ ಮಚ್ಚೆಗಳಿದ್ದಂತೆ, ಇನ್ನೊಂದಕ್ಕೆ ಅದೇ ಜಾಗದಲ್ಲಿ ಬರುವುದಿಲ್ಲ. ಆಮೇಲೆ ಡಬ್ಬಿಯ ಬೆಸುಗೆ ನೋಡಿ. ಮೂಲೆಯಲ್ಲಿ ಬಿಳಿಚಿದ ಗುರುತೋ ಗೋಂದಿನ ಮಂಜೋ ಕಂಡರೆ, ಅಸಲಿ ಡಬ್ಬಿ ಬಿಚ್ಚಿ ಒಳಗಿನದನ್ನು ಬದಲಿಸಿರಬಹುದು.

ಅಸಲಿ ಡಬ್ಬಿ, ಅಸಲಿ ಮಾಲು ಇದ್ದೂ ಅಂಕ ಸುಳ್ಳಾದದ್ದುಂಟು. ಪಿಸಿಜಿಎಸ್ ಸ್ಥಾಪಕರಲ್ಲೊಬ್ಬರಾದ ಡೇವಿಡ್ ಹಾಲ್ ಅವರೇ ಕ್ರೀಡಾ ಕಾರ್ಡುಗಳಿಗೆಂದು 1991ರಲ್ಲಿ ಪಿಎಸ್ಎ ಹುಟ್ಟುಹಾಕಿದರು. ಅದು ಮೊತ್ತಮೊದಲು ಅಂಕ ಕೊಟ್ಟದ್ದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡಿಗೆ. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬರುತ್ತಿದ್ದ ಸರಣಿಯದು. ಹತ್ತಕ್ಕೆ ಎಂಟು ಅಂಕ. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚನ್ನು ಕತ್ತರಿಸಿ ನೇರ ಮಾಡಿದ್ದು ತಾನೇ ಎಂದು ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ಅಂಥ ಅಂಕ ಸಲ್ಲದು. ಆದರೂ ಅದು ಇವತ್ತಿಗೂ ಜಗತ್ಪ್ರಸಿದ್ಧ.

ನಮ್ಮ ಪೂಜೆಯ ರೂಪಾಯಿಗಳ ಕಷ್ಟ ಇದಕ್ಕೆ ತದ್ವಿರುದ್ಧ. ಸಾಚಾ ಮಾಲೇ, ಆದರೆ ವರ್ಷ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿ ಮೈಯೆಲ್ಲ ಗೀರು. ಕೆಲವಕ್ಕೆ ಸರಕ್ಕೆ ಪೋಣಿಸಲು ಹಾಕಿದ್ದ ಕೊಂಡಿಯ ಕಲೆ. ಅಂಥವನ್ನು ಕಳಿಸಿದರೆ ಅಂಕ ಸಿಗದು, 'ಕ್ಲೀನ್ಡ್' ಎಂಬ ಚೀಟಿಯೊಡನೆ ಮರಳಿ ಬರುತ್ತದೆ. ಬೆಲೆ ಇಳಿಯುತ್ತದೆ, ನಿಜ. ಆದರೂ ಚೌಕಾಸಿಗೆ ಕೂತಾಗ ಬೆಳಕಿಗೆ ಹಿಡಿಯಲೂ ಬಿಡದ 63 ಅಂಕದ ಡಬ್ಬಿಗಿಂತ, ಸಂದಿಯಲ್ಲಿ ಅರಿಶಿನ ಕೂತ, ತೂಗಿ ನೋಡಬಹುದಾದ ನಾಣ್ಯವೇ ನನಗೆ ವಾಸಿ.

ಕಾಯ್ದೆಯ ತೊಡಕೂ ಒಂದಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಅದನ್ನು ನಾವು ನೀವು ವಿದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ ಯಾರಾದರೂ ಹಂದಿ ರೂಪಾಯಿಯ ಅಮೆರಿಕನ್ ಸ್ಲ್ಯಾಬ್ ತೋರಿಸಿದರೆ, ಅದು ಎಲ್ಲಿಂದ ಹೇಗೆ ಬಂತೆಂದು ಬಿಲ್ಲು ಕೇಳಿ. 1939ರದ್ದಕ್ಕೆ ಸದ್ಯ ಈ ತಾಪತ್ರಯವಿಲ್ಲ. ಕಾಯ್ದೆ ಹೀಗೇ ಇದ್ದರೆ 2039ರಲ್ಲಿ ಅದಕ್ಕೂ ನೂರು ತುಂಬುತ್ತದೆ. ಕಳಿಸುವ ಮನಸ್ಸಿದ್ದವರು ಅಷ್ಟರೊಳಗೆ ಕಳಿಸಿಕೊಳ್ಳಲಿ.