ಒಂದಂಗುಲದ ಯೋಧನನ್ನು ನೋಡುವ ಬಗೆ

ಬಣ್ಣ ಹಚ್ಚಿದ ಸಮುರಾಯ್ ಗೊಂಬೆಯೊಂದನ್ನು ಹೊಸಬರ ಕೈಗೆ ಕೊಟ್ಟರೆ ಅವರ ಕಣ್ಣು ಮೊದಲು ಕತ್ತಿಯ ಮೇಲೆ ಹೋಗುತ್ತದೆ, ಆಮೇಲೆ ಮುಖದ ಮೇಲೆ. ಅದು ಸಹಜ. ಈ ಕೆಲಸದಲ್ಲಿ ಪಳಗಿದವರು ಮಾತ್ರ ಮೊದಲು ದಾರವನ್ನು ನೋಡುತ್ತಾರೆ. ಕವಚದ ಪಟ್ಟಿಗಳನ್ನು ಒಂದಕ್ಕೊಂದು ಹೆಣೆದ ದಾರ ಅದು. ಅದನ್ನು ಬಿಡಿಸಿದ ರೀತಿಯಲ್ಲೇ ಬಣ್ಣಗಾರನ ತಿಳಿವಳಿಕೆ, ತಾಳ್ಮೆ ಎರಡೂ ಗೊತ್ತಾಗಿಬಿಡುತ್ತವೆ.

ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ ಬಳಸುವ ಈ ಗೊಂಬೆಗಳ ಎತ್ತರ ಪಾದದಿಂದ ಕಣ್ಣಿನ ಮಟ್ಟಕ್ಕೆ ಸುಮಾರು 28 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಬಿಳಿಲೋಹ, ಪ್ಲಾಸ್ಟಿಕ್ ಅಥವಾ ರೆಸಿನ್‌ನಲ್ಲಿ ಎರಕ ಹೊಯ್ದು, ಬಣ್ಣವಿಲ್ಲದೆ ಮಾರುತ್ತಾರೆ. ಆಡುವವರೇ ಬಣ್ಣ ಹಚ್ಚಿಕೊಳ್ಳಬೇಕು. ದೊಡ್ಡ ಯುದ್ಧದ ಆಟಗಳಲ್ಲಿ ಮೇಜಿನ ತುಂಬ ನೂರಾರು ಗೊಂಬೆಗಳಿರುತ್ತವೆ, ಅಲ್ಲಿ ಕಾಣುವುದು ದಂಡು. ಆಸ್ಪ್ರೇ ಪ್ರಕಾಶನ 2013ರಲ್ಲಿ ತಂದ ‘ರೋನಿನ್’, ವಾರ್‌ಲಾರ್ಡ್ ಗೇಮ್ಸ್ 2017ರಲ್ಲಿ ತಂದ ‘ಟೆಸ್ಟ್ ಆಫ್ ಆನರ್’ ತರಹದ ಸಣ್ಣ ಕಾಳಗದ ಆಟಗಳ ರೀತಿ ಬೇರೆ. ಒಂದೊಂದು ಕಡೆ ಬೆರಳೆಣಿಕೆಯ ಆಳುಗಳು. ಹಾಗಾಗಿ ಒಬ್ಬೊಬ್ಬನನ್ನೂ ಒಬ್ಬ ಮನುಷ್ಯನೆಂದೇ ಬಗೆದು ಬಣ್ಣ ಹಚ್ಚಲು ಬಿಡುವು ಸಿಗುತ್ತದೆ. ಸಮುರಾಯ್ ಮಿನಿಯೇಚರ್ ಕಲೆ ಅರಳಿರುವುದು ಇಂಥ ಆಟಗಳಲ್ಲೇ ಎಂಬುದು ನನ್ನ ಅಭಿಪ್ರಾಯ.

ನೋಡಲು ಶುರುಮಾಡುವಾಗ ಗೊಂಬೆಯನ್ನು ಕೈಗೆತ್ತಿಕೊಳ್ಳಬೇಡಿ. ಮೇಜಿನ ಮೇಲಿರಲಿ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಆಡುವಾಗ ಕಾಣುವುದು ಅಷ್ಟು ದೂರದಿಂದಲೇ. ಯಾರ ಕಡೆಯವನು, ಯಾವ ಭಂಗಿಯಲ್ಲಿದ್ದಾನೆ, ಮುಖ ಯಾವ ಕಡೆಗಿದೆ ಎಂಬುದು ತಟ್ಟನೆ ಹೊಳೆಯಬೇಕು. ಹತ್ತು ಬಣ್ಣ ಬಳಸಿದ ಗೊಂಬೆ ದೂರಕ್ಕೆ ಕೆಸರಿನಂತೆ ಕಾಣುತ್ತದೆ. ಒಂದು ಮುಖ್ಯ ಬಣ್ಣ, ಅದಕ್ಕೆ ಒತ್ತಾಸೆಯಾಗಿ ಇನ್ನೊಂದು, ಅಲ್ಲಲ್ಲಿ ಮೂರನೆಯದರ ಚುಕ್ಕೆ ಇದ್ದರೆ ಸಾಕು. ಇದನ್ನು ಕಲಿಯಬೇಕೆಂದರೆ ನಿರ್ದೇಶಕ ಕುರೊಸಾವಾನ ‘ರಾನ್’ (1985) ಚಿತ್ರ ನೋಡಿ. ಅದರಲ್ಲಿ ದೊರೆಯ ಹಿರಿಯ ಮಗ ತಾರೋನ ಪಡೆಗೆ ಹಳದಿ, ಎರಡನೆಯವ ಜಿರೋನದಕ್ಕೆ ಕೆಂಪು, ಕಿರಿಯವ ಸಬುರೋನದಕ್ಕೆ ನೀಲಿ. ಬೆಟ್ಟದಾಚೆಯಿಂದ ಬಂದರೂ ಯಾರ ಸೈನ್ಯವೆಂದು ಅನುಮಾನವೇ ಬರುವುದಿಲ್ಲ. ಆ ಚಿತ್ರದ ಉಡುಪುಗಳಿಗಾಗಿ ಎಮಿ ವಾಡಾಗೆ ಆಸ್ಕರ್ ಬಂತು.

ಈಗ ಹತ್ತಿರ ಬನ್ನಿ, ದಾರ ನೋಡೋಣ.

ಜಪಾನಿನ ಕವಚ ಯುರೋಪಿನ ನೈಟ್ ತೊಡುತ್ತಿದ್ದಂಥ ಹೊಳೆಯುವ ಉಕ್ಕಿನ ಚಿಪ್ಪಲ್ಲ. ಕಬ್ಬಿಣದ ಅಥವಾ ತೊಗಲಿನ ಪಟ್ಟಿಗಳಿಗೆ ಅರಗಿನಂಥ ಲೇಪ ಕೊಟ್ಟು, ರೇಷ್ಮೆಯ ಹುರಿಯಿಂದ ಸಾಲುಸಾಲಾಗಿ ಹೆಣೆಯುತ್ತಿದ್ದರು. ಈ ಹೆಣಿಗೆಗೆ ‘ಒದೋಶಿ’ ಎಂದು ಹೆಸರು. ಹಳೆಯ ಕ್ರಮ ‘ಕೆಬಿಕಿ’: ದಾರ ಒತ್ತೊತ್ತಾಗಿ ಪಟ್ಟಿಯನ್ನೇ ಮುಚ್ಚಿಬಿಡುತ್ತದೆ, ಕವಚ ನೇಯ್ದ ಬಟ್ಟೆಯ ಹಾಗೆ ಕಾಣುತ್ತದೆ. ಕಣ್ಣಿಗೆ ಹಬ್ಬ, ದಂಡಯಾತ್ರೆಗೆ ಕಷ್ಟ. ಮಳೆಯಲ್ಲಿ ನೆನೆದರೆ ಭಾರ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಕೆಸರು ಮೆತ್ತಿದರೆ ತೊಳೆಯಲಾಗದು, ಹುಳು ಸೇರಿಕೊಳ್ಳುತ್ತವೆ. ಎಡೆಬಿಡದೆ ಯುದ್ಧ ನಡೆದ 15, 16ನೇ ಶತಮಾನಗಳಲ್ಲಿ ‘ಸುಗಾಕೆ’ ಎಂಬ ವಿರಳ ಹೆಣಿಗೆ ಬಳಕೆಗೆ ಬಂತು. ಇಲ್ಲಿ ದಾರ ಜೋಡಿಜೋಡಿಯಾಗಿ ಅಂತರ ಬಿಟ್ಟು ಇಳಿಯುತ್ತದೆ, ನಡುವೆ ಪಟ್ಟಿ ಕಾಣುತ್ತದೆ.

ಗೊಂಬೆಯ ಮೇಲೆ ಒಂದು ಜೋಡಿ ದಾರದ ಅಗಲ ಕೂದಲೆಳೆಗಿಂತ ಅಷ್ಟೇನೂ ಹೆಚ್ಚಿಲ್ಲ. ಅವಸರದವರು ಇಡೀ ಪಟ್ಟಿಗೆ ಒಂದೇ ಬಣ್ಣ ಬಳಿದು, ಮೇಲೆ ಕಪ್ಪು ಶಾಯಿ ಹರಿಯಬಿಟ್ಟು ಮುಗಿಸುತ್ತಾರೆ. ಒಳ್ಳೆಯ ಕೈಯಾದರೆ ಕೆಳಗಿನ ಲೇಪದ ಕಪ್ಪನ್ನು ಹಾಗೇ ಉಳಿಸಿ, ಒಂದೊಂದು ದಾರವನ್ನೂ ಬೇರೆಯಾಗಿ ಎಳೆದು, ಅದರ ಉಬ್ಬಿನ ಮೇಲೆ ಮತ್ತೆ ತಿಳಿಬಣ್ಣದ ಗೀಟು ಕೊಟ್ಟಿರುತ್ತದೆ. ಭುಜದ ಒಂದೇ ಹಲಗೆಗೆ ನಾನು ಒಂದು ಸಂಜೆ ಪೂರ್ತಿ ಕೊಟ್ಟದ್ದುಂಟು. ಆ ಸಂಜೆ ವ್ಯರ್ಥವಾಯಿತೆಂದು ಒಮ್ಮೆಯೂ ಅನ್ನಿಸಿಲ್ಲ.

ದಾರದ ಕೆಳಗಿನ ಲೇಪದ ಬಗ್ಗೆ ಒಂದು ಮಾತು. ಅರಗೆಂದರೆ ನಮಗೆ ಚನ್ನಪಟ್ಟಣದ ಗೊಂಬೆ ನೆನಪಾಗುತ್ತದೆ. ಅಲ್ಲಿನ ಅರಗು ಕೀಟದಿಂದ ಬಂದದ್ದು, ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಬಿಸಿಗೆ ಕರಗಿ ಅಂಟುತ್ತದೆ. ಜಪಾನಿನ ‘ಉರುಶಿ’ ಮರದ ಸೊನೆ, ಗಾಳಿಯ ತೇವದಲ್ಲಿ ಗಟ್ಟಿಯಾಗುವಂಥದ್ದು. ಎರಡರ ಹೊಳಪೂ ಲೋಹದ ಹೊಳಪಲ್ಲ. ಲೇಪದ ಮೇಲೆ ಬೆಳಕು ಸಣ್ಣ ಚೂಪು ಮಿಂಚಾಗಿ ನಿಲ್ಲುತ್ತದೆ, ಬಟ್ಟೆಯ ಮೇಲೆ ಅಗಲವಾಗಿ ಮೆತ್ತಗೆ ಹರಡುತ್ತದೆ, ಉಕ್ಕಿನ ಮೇಲೆ ಬಿಳುಪಿಗೂ ಕಪ್ಪಿಗೂ ಜಿಗಿಯುತ್ತದೆ. ಒಂದಂಗುಲದ ಗೊಂಬೆಯಲ್ಲಿ ನಿಜವಾದ ನೆರಳು ಕಾಣುವಷ್ಟು ಬೀಳುವುದಿಲ್ಲವಾದ್ದರಿಂದ ಬೆಳಕು, ನೆರಳು ಎರಡನ್ನೂ ಬಣ್ಣಗಾರ ಬರೆದೇ ತೋರಿಸಬೇಕು. ಈ ಮೂರು ಬಗೆಯ ಬೆಳಕು ಬೇರೆಬೇರೆಯಾಗಿ ಕಂಡರೆ ಆ ಗೊಂಬೆ ಗೆದ್ದಿತೆನ್ನಿ. ಕವಚಕ್ಕೆಲ್ಲ ಬೆಳ್ಳಿ ಬಣ್ಣ ಬಳಿದದ್ದು ಕಂಡರೆ, ಎಷ್ಟೇ ನಯವಾಗಿದ್ದರೂ, ಅದು ಜಪಾನಿನ ಯೋಧನಾಗಲಿಲ್ಲ.

ಕೆಂಪು ಕವಚ ಕಂಡಾಗ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. 1582ರಲ್ಲಿ ತಾಕೆದಾ ಎಂಬ ಯೋಧರ ಮನೆತನ ಅಳಿದ ಮೇಲೆ ಅದರ ಅನುಭವಿ ಯೋಧರನ್ನು ದೊರೆ ತೊಕುಗಾವಾ ಇಯೆಯಾಸು ತನ್ನ ಸರದಾರ ಇಈ ನಾವೊಮಾಸಾನ ಕೈಕೆಳಗೆ ಇಟ್ಟ. ನಾವೊಮಾಸಾ ತಾಕೆದಾ ಪಡೆಯ ಕೆಂಪನ್ನೇ ತನ್ನ ಇಡೀ ದಂಡಿಗೆ ತೊಡಿಸಿದ. ಆಟಗಾರರಿಗೆ ಈ ‘ಕೆಂಪು ದೆವ್ವಗಳು’ ಬಹಳ ಇಷ್ಟ, ಬಣ್ಣಗಾರರಿಗೆ ಬಹಳ ಕಷ್ಟ. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಕಪ್ಪು ಬೆರೆಸಿದರೆ ಮಂಕಾಗುತ್ತದೆ. ಬಲ್ಲವರು ಬೆಳಕಿಗೆ ಕಿತ್ತಳೆ, ನೆರಳಿಗೆ ಕಂದು ಹಿಡಿಯುತ್ತಾರೆ.

ಕತ್ತಿಯ ಅಲಗಿಗಿಂತ ಹಿಡಿಯನ್ನು ನೋಡಿ. ಬಿಳಿ ತೊರಕೆ ಮೀನಿನ ಚರ್ಮದ ಮೇಲೆ ದಾರ ಅಡ್ಡಡ್ಡ ಸುತ್ತಿದಾಗ ನಡುವೆ ವಜ್ರಾಕಾರದ ಬಿಳಿ ಕಿಂಡಿಗಳು ಉಳಿಯುತ್ತವೆ. ಮೂರು ಮಿಲಿಮೀಟರ್ ಹಿಡಿಯಲ್ಲಿ ಅಂಥ ನಾಲ್ಕು ಚುಕ್ಕೆ ಸಾಲಾಗಿ ಕೂತಿದ್ದರೆ ಕುಂಚ ಹಿಡಿದ ಕೈ ನಡುಗುವುದಿಲ್ಲವೆಂದು ಅರ್ಥ.

ಬೆನ್ನಿಗೆ ಸಿಕ್ಕಿಸಿದ ಬಾವುಟಕ್ಕೆ ‘ಸಾಶಿಮೊನೊ’ ಎನ್ನುತ್ತಾರೆ. ಅದರ ಮೇಲಿನ ಮನೆತನದ ಲಾಂಛನವನ್ನು ಮುದ್ರಿತ ಚೀಟಿಯಿಂದ ಅಂಟಿಸಬಹುದು, ಕೈಯಿಂದಲೂ ಬರೆಯಬಹುದು. ಶಿಮಾಜು ಮನೆತನದ್ದು ವೃತ್ತದೊಳಗೊಂದು ಶಿಲುಬೆಯಂಥ ಗುರುತು, ಸುಲಭ. ತೊಕುಗಾವಾರ ಮೂರು ಎಲೆಗಳ ಲಾಂಛನ ಕಠಿಣ ಪರೀಕ್ಷೆ. ನನಗೆ ಅಚ್ಚುಮೆಚ್ಚಿನದು ಸನಾದಾ ಮನೆತನದ ಆರು ನಾಣ್ಯಗಳು. ನಮ್ಮ ವೈತರಣಿಯಂತೆ ಅವರಲ್ಲಿ ಸತ್ತವರು ದಾಟುವ ನದಿ ಸಾಂಝು. ಅದರ ಸುಂಕ ಆ ಆರು ನಾಣ್ಯ. 1615ರಲ್ಲಿ ಒಸಾಕಾ ಕೋಟೆಯ ಕೊನೆಯ ಕಾಳಗದಲ್ಲಿ ಆ ಮನೆತನದ ಸನಾದಾ ಯುಕಿಮುರಾ ಮಡಿದ. ಅವನ ಗೊಂಬೆಯ ಬೆನ್ನಲ್ಲಿ ಆ ಆರು ವೃತ್ತಗಳು ಕೈಬರಹದಲ್ಲಿದ್ದು ತುಸು ಓರೆಯಾಗಿದ್ದರೂ ಅಂಟಿಸಿದ ಚೀಟಿಗಿಂತ ನನಗೆ ಅದೇ ಮೇಲು.

ನಾಯಕನ ಗೊಂಬೆಗೆ ಎಲ್ಲರೂ ಶ್ರಮಪಡುತ್ತಾರೆ. ಬಣ್ಣಗಾರನ ನಿಜವಾದ ಅಳತೆ ತಿಳಿಯುವುದು ಆಶಿಗಾರುಗಳಲ್ಲಿ. ಅವರು ಕಾಲಾಳುಗಳು, ತಲೆಗೆ ಚೂಪು ಗೊರಬೆಯಂಥ ಟೋಪಿ, ಕಾಲಿಗೆ ಹುಲ್ಲಿನ ಚಪ್ಪಲಿ. ಅವರು ತೊಡುತ್ತಿದ್ದದ್ದು ಒಡೆಯ ಎರವಲು ಕೊಟ್ಟ ಅಗ್ಗದ ಕವಚ. ಆ ಕವಚ ಮಂಕಾಗಿರಲಿ, ಬಟ್ಟೆ ಬಿಸಿಲಿಗೆ ಬಿಳಿಚಿದ ನೀಲಿಯಾಗಿರಲಿ, ಮೊಣಕಾಲಿನವರೆಗೆ ಕೆಸರಿರಲಿ. ಅವರನ್ನೂ ಚಿನ್ನದಿಂದ ಮಿನುಗಿಸಿದರೆ ನಾಯಕನ ಚಿನ್ನಕ್ಕೆ ಬೆಲೆ ಉಳಿಯದು. ಐದು ಆಶಿಗಾರುಗಳ ಐದು ಮುಖದಲ್ಲಿ ಐದು ಬಗೆಯ ಮೈಬಣ್ಣ ಕಂಡರೆ ಆ ಬಣ್ಣಗಾರನಿಗೆ ನಾನು ಕೈಮುಗಿಯುತ್ತೇನೆ.

ಕೊನೆಗೆ ಪಾದದ ಕೆಳಗಿನ ನೆಲ. ಉದಾಹರಣೆಗೆ, ಜಪಾನಿನ ಸೆಕಿಗಾಹಾರಾ ಯುದ್ಧ ನಡೆದದ್ದು 1600ರ ಅಕ್ಟೋಬರ್ 21ರಂದು, ರಾತ್ರಿಯ ಮಳೆಯ ನಂತರ ಮಂಜು ಮುಸುಕಿದ ಬೆಳಗಿನಲ್ಲಿ. ಆ ಯುದ್ಧದ ಗೊಂಬೆಯ ಕೆಳಗೆ ಒಣಮರಳು, ವಸಂತದ ಚೆರ್ರಿ ಹೂ ಇದ್ದರೆ ಬಣ್ಣಗಾರ ಎಡವಿದ್ದಾನೆ. ಒದ್ದೆಮಣ್ಣು, ಕಂದಿದ ಹುಲ್ಲು ಇದ್ದರೆ ಅವನು ಓದಿಕೊಂಡು ಕೂತವನು.

ಇಷ್ಟೆಲ್ಲ ನೋಡಿಯಾದ ಮೇಲೆ ಒಡೆಯರನ್ನು ಕೇಳಿ ಗೊಂಬೆಯನ್ನು ಕೈಗೆತ್ತಿಕೊಳ್ಳಿ. ಬುಡದ ಬಿಲ್ಲೆಯನ್ನಷ್ಟೇ ಹಿಡಿಯಿರಿ, ಕತ್ತಿಯನ್ನೂ ಬಾವುಟವನ್ನೂ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿ ತಾಗಿಯೇ ಬಣ್ಣ ಸವೆಯುತ್ತದೆ.