ತೋಟಾ ಸಿಕ್ಕಿಕೊಂಡರೆ ಅರ ಎತ್ತುವವರು

ಸೂಲಿಬೆಲೆ ಹೋಬಳಿಯ ರೈತನಿಗೆ ಬೆಳೆ ಕಾಯಲು ಲೈಸೆನ್ಸ್ ಸಿಕ್ಕರೆ ಬರುವುದು ಸಾಮಾನ್ಯವಾಗಿ ಒಂಟಿನಳಿಗೆ ಕೋವಿ. ತೋಟಾವನ್ನು ಕೈಯಲ್ಲೇ ತುಂಬಬೇಕು, ಹಾರಿಸಬೇಕು, ಮತ್ತೆ ತುಂಬಬೇಕು. ಸಿಕ್ಕಿಕೊಳ್ಳುವ ಮಾತೇ ಕಡಿಮೆ. ಬೀರಸಂದ್ರದ ಡಿಸಿ ಆಫೀಸಿಗೆ ಅಲೆದು, ಆತ್ಮರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಪಿಸ್ತೂಲು ಕೊಂಡವನಿಗೆ ಈ ಕೋವಿಯ ಪಾಠ ಸಾಲದು.

ಹೊಸ ಪಿಸ್ತೂಲು ಜಾಮ್ ಆದಾಗ ಅವನಿಗೆ ಎರಡು ಸಲಹೆ ತಪ್ಪದೆ ಸಿಗುತ್ತವೆ. ಇನ್ನೊಂದಿಷ್ಟು ಹೊಡೆದರೆ ಸೆಟ್ ಆಗುತ್ತದೆ ಎಂಬುದು ಒಂದು. ತೋಟಾ ನಳಿಗೆಗೆ ಏರುವ ಇಳಿಜಾರನ್ನು ಅರ ಹಾಕಿ ಉಜ್ಜಿಸು ಎಂಬುದು ಇನ್ನೊಂದು. ಮೊದಲನೆಯದು ಅಮೆರಿಕದಿಂದ ಬಂದ ಬುದ್ಧಿವಾದ. ಅಲ್ಲಿ ಇನ್ನೂರು ಗುಂಡು ಹಾರಿಸಿ ನೋಡುವುದು ದೊಡ್ಡ ವಿಷಯವಲ್ಲ. ಇಲ್ಲಿ ತೋಟಾದ ಮಿತಿ ಲೈಸೆನ್ಸಿನಲ್ಲೇ ಬರೆದಿರುತ್ತದೆ, ಹಾರಿಸಲು ರೇಂಜಿಗೇ ಹೋಗಬೇಕು. ಎರಡನೆಯದಂತೂ ಹಾನಿಯ ಕೆಲಸ. ಉಜ್ಜಿ ತೆಗೆದ ಲೋಹ ಮತ್ತೆ ಬರುವುದಿಲ್ಲ.

ದೋಷ ಹೆಚ್ಚಾಗಿ ಅಡಗಿರುವುದು ಮ್ಯಾಗಜಿನ್‌ನಲ್ಲಿ, ತೋಟಾದಲ್ಲಿ, ಹಿಡಿದ ಕೈಯಲ್ಲಿ. ಮೊದಲು ತೋಟಾವನ್ನೇ ನೋಡೋಣ. 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದ್ದರಿಂದ ನಮ್ಮಲ್ಲಿ .32 ಬೋರಿನದೇ ಬಳಕೆ ಹೆಚ್ಚು. ಜಾನ್ ಬ್ರೌನಿಂಗ್ ರೂಪಿಸಿದ ಈ ತೋಟಾ 1899ರ ಹೊತ್ತಿಗೆ ಬಂದದ್ದು. ಇದರ ಬುಡದ ಅಂಚು ಮೈಗಿಂತ ತುಸು ಹೊರಚಾಚಿದೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಕದಲದು. ಮೂತಿ ಮೊಂಡಾದ, ಉದ್ದ ಕಡಿಮೆಯಿರುವ ಗುಂಡುಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಅವಕ್ಕೆ ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಜಾರಲು ಜಾಗ ಉಳಿಯುತ್ತದೆ. ಇದಕ್ಕೆ ಅರ ಏನು ಮಾಡೀತು?

ಜಾಮ್ ಆದ ರೀತಿಯೇ ಕಾರಣವನ್ನು ಹೇಳುತ್ತದೆ. ತೋಟಾದ ಮೂತಿ ಇಳಿಜಾರಿಗೆ ಗುದ್ದಿ ನಿಂತಿದ್ದರೆ ಮ್ಯಾಗಜಿನ್ ಪೂರ್ತಿ ಕೂತಿಲ್ಲ, ಇಲ್ಲವೇ ಅದರ ಬಾಯಂಚು ಬಾಗಿದೆ. ಸ್ಲೈಡ್ ತೋಟಾವನ್ನು ಬಿಟ್ಟು ಮುಂದೆ ಹೋಗಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಮೇಲೆ ಅನುಮಾನ. ಸ್ಲೈಡ್ ಕೂದಲೆಳೆಯಷ್ಟು ಮುಚ್ಚದೆ ಉಳಿದರೆ ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ದಪ್ಪ ಗ್ರೀಸನ್ನು ತೊಳೆದೇ ಇಲ್ಲದಿರಬಹುದು. ಹೊಸಬರು ಮಾಡುವ ಮತ್ತೊಂದು ತಪ್ಪಿದೆ: ಹಿಂದೆಳೆದ ಸ್ಲೈಡನ್ನು ಹೆದರಿ ಕೈಯಲ್ಲೇ ಮೆಲ್ಲಗೆ ಮುಂದೆ ಬಿಡುವುದು. ಅದು ಸ್ಪ್ರಿಂಗಿನ ಬಲದಲ್ಲಿ ತಾನಾಗಿ ಬಡಿಯಬೇಕು. ಹಿಡಿತ ಸಡಿಲವಿದ್ದರೂ ಸ್ಲೈಡ್ ಹಿಂದಕ್ಕೆ ಪೂರಾ ಓಡುವುದಿಲ್ಲ. ಗಟ್ಟಿ ಕೈಯವರು ಅದೇ ಪಿಸ್ತೂಲನ್ನು ಹಿಡಿದಾಗ ರೋಗ ಮಾಯ.

ಆದ್ದರಿಂದ ಮ್ಯಾಗಜಿನ್‌ಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಯಾವುದರಲ್ಲಿ, ಯಾವ ತೋಟಾದಲ್ಲಿ, ಎಷ್ಟನೆಯದಕ್ಕೆ ನಿಂತಿತು ಎಂದು ಬರೆದಿಡುವ ಪದ್ಧತಿಯೇ ಮೇಲು. ಎರಡನೇ ಮ್ಯಾಗಜಿನ್‌ನಲ್ಲಿ ಮಾತ್ರ ಜಾಮ್ ಆಗುತ್ತಿದ್ದರೆ ಪಿಸ್ತೂಲಿಗೆ ಕೈಹಚ್ಚುವ ಅಗತ್ಯವೇ ಇಲ್ಲ. ಹಾಗೆಂದು ತಯಾರಕರನ್ನು ಸುಮ್ಮನೆ ಬಿಡಬೇಕಾಗಿಲ್ಲ. 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆಯ ಪರೀಕ್ಷೆಯಲ್ಲಿ ಬ್ರೌನಿಂಗ್‌ನ ಕೋಲ್ಟ್ ಪಿಸ್ತೂಲು 6,000 ಗುಂಡುಗಳನ್ನು ಒಮ್ಮೆಯೂ ನಿಲ್ಲದೆ ಹಾರಿಸಿತ್ತು. ಶುಚಿ ಮಾಡಿ, ಎಣ್ಣೆ ಹಾಕಿ, ಒಳ್ಳೆಯ ಮ್ಯಾಗಜಿನ್ ತೊಡಿಸಿದ ಮೇಲೂ ಮುಗ್ಗರಿಸುವ ಪಿಸ್ತೂಲನ್ನು ಮಾರಿದವರಿಗೇ ಹಿಂದಿರುಗಿಸಬೇಕು.

ಹೊಸಕೋಟೆಯ ಲೇತ್ ಅಂಗಡಿಗೆ ಒಯ್ಯುವುದಂತೂ ಸಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪಿಸ್ತೂಲು ರಿಪೇರಿ ಮಾಡುವವನಿಗೂ ಅದಕ್ಕೆಂದೇ ಲೈಸೆನ್ಸ್ ಇರಬೇಕು.